ರಾಜ ನಕ್ಕ ಕಡೆ

ಬಸ್ಸು ವಿಜಾಪುರದ ನಾಕಾ ದಾಟಿ ಅರ್ಧ ತಾಸಾಗಿದ್ದರೂ ಅಂಬಾದಾಸ ತೊಡೆಯ ಮೇಲಿನ ಬಿಸ್ಕೀಟಿನ ಡಬ್ಬಿಯನ್ನು ಎರಡೂ ಕೈಯಿಂದ ಅವುಚಿಕೊಂಡೇ ಕುಳಿತಿದ್ದ. ರಸ್ತೆಯ ತಗ್ಗಿನಲ್ಲಿ ಬಸ್ಸು ಬಿದ್ದು ಎದ್ದಾಗಲೆಲ್ಲ ಡಬ್ಬಿಯೊಳಗಿಂದ ಕಟಕಟ ಸದ್ದು ಬರುತ್ತಿತ್ತು. ಮಡಿಲಲ್ಲಿ ಬದನೆಕಾಯಿಯ ಗಂಟು ಇಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಎರಡು ಸಲ ಡಬ್ಬಿಯತ್ತ ನೋಡಿ ಮೂರನೆಯ ಸಲ ಕೇಳಿಯೇಬಿಟ್ಟಳು. “ಏನದಾವ್ರೀ ಅದರಾಗ? ಮಕ್ಕಳಿಗೆ ಕಲ್ಲಸಕ್ರಿ ಒಯ್ಯಾಕತ್ತೀರೇನು?” ಹೌದು ಎಂದಿದ್ದರೆ ಮುಗಿಯುತ್ತಿತ್ತು. “ಕಟಗಿ ತುಂಡ್ರೀ” ಎಂದ. “ಕಟಗೀನ ಯಾರರ ಡಬ್ಬಿಯೊಳಗ ಹಾಕ್ಕೊಂಡು ಒಯ್ತಾರೇನ್ರೀ?” ಎಂದು ಅವಳು ನಕ್ಕಳು. ಹಿಂದಿನ ಸೀಟಿನವನೂ ನಕ್ಕ. ಅಂಬಾದಾಸನ ಕಿವಿಯ ಹಿಂದೆ ಬಿಸಿಯೇರಿತು. ಮೂವತ್ತೈದು ವರ್ಷದ ಗಂಡಸು, ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಬೂಟು; ಆದರೂ ಯಾರೋ ಇಬ್ಬರು ನಕ್ಕರೆ ಸಾಕು, ಅಂಗಿಯೊಳಗಿನ ಮೈ ತಿಕೋಟಾದ ಸಾಲಿಯ ಬಾಗಿಲಿನ ಹೊರಗೆ ಹೋಗಿ ಕುಳಿತುಬಿಡುತ್ತಿತ್ತು. ಅಂಗಿಯ ಜೇಬಿನಲ್ಲಿ ಪೋಸ್ಟಿನ ಲಕೋಟೆಯೊಂದಿತ್ತು. ಅದರೊಳಗೆ ಎರಡು ಬೆರಳಗಲದ ಕಾಗದದ ಪಟ್ಟಿ. ಅದು ಮುದುಡಿಲ್ಲವೆಂದು ಅವನು ಆಗಾಗ ಎದೆ ಮುಟ್ಟಿಕೊಂಡು ಖಾತ್ರಿ ಮಾಡಿಕೊಳ್ಳುತ್ತಿದ್ದ.

ವಿಜಾಪುರದ ಒಂದು ಹೈಸ್ಕೂಲಿನಲ್ಲಿ ಅವನು ಕೈಕೆಲಸದ ಮಾಸ್ತರ. ರಟ್ಟು ಕತ್ತರಿಸುವುದು, ಹಲಗೆ ಕೊಯ್ಯುವುದು, ನೂಲು ತೆಗೆಯುವುದು ಕಲಿಸುತ್ತಿದ್ದ. ಉಳಿದ ಮಾಸ್ತರರ ಕಣ್ಣಿನಲ್ಲಿ ಅದು ಪೂರಾ ಮಾಸ್ತರಿಕೆಯೂ ಅಲ್ಲ, ಪೂರಾ ಬಡಗಿತನವೂ ಅಲ್ಲ. ಶುಕ್ರವಾರ ಮಧ್ಯಾಹ್ನ ಶಾಲೆಯ ಚೇರಮನ್ನರಾದ ಗುರಣ್ಣ ದೇಸಾಯರು ಹಳೆಯ ಧೋತರದಲ್ಲಿ ಸುತ್ತಿದ ಒಂದು ದೊಡ್ಡ ಫೋಟೋ ಹಿಡಿದು ತಾವೇ ಬಂದಿದ್ದರು. ನಲವತ್ತು ವರ್ಷದ ಹಿಂದೆ ಯಾವುದೋ ದೂರದ ಸಂಸ್ಥಾನದ ರಾಜ ಗೋಳಗುಮ್ಮಟ ನೋಡಲು ಬಂದಾಗ ತೆಗೆದದ್ದು. ಮೋಟಾರಿನಿಂದ ಇಳಿದು ನಿಂತ ರಾಜ, ಅವನೆದುರು ಹಾರ ಎತ್ತಿ ಹಿಡಿದ ದೇಸಾಯರ ತಂದೆ, ಹಿಂದೆ ರುಮಾಲುಗಳ ಸಾಲು. ಆ ರಾಜನ ಮೊಮ್ಮಗ ಸೋಮವಾರ ಶಾಲೆಯ ಬೆಳ್ಳಿಹಬ್ಬಕ್ಕೆ ಬರುವವನಿದ್ದ. ಸರಕಾರ ರಾಜಧನ ನಿಲ್ಲಿಸಿ ಮೂರು ವರ್ಷವಾಗಿತ್ತು. ಮೊಮ್ಮಗ ಮುಂಬೈಯ ಒಂದು ಔಷಧಿ ಕಂಪನಿಯಲ್ಲಿ ನೌಕರಿಗಿದ್ದ. ಆದರೂ ದೇಸಾಯರಿಗೆ ಅವನು ರಾಜನೇ.

“ಚೌಕಟ್ಟ ಹಾಕಿ ಕೊಟ್ಟರ ಗ್ವಾಡಿಗೆ ತೂಗಹಾಕಿ ಮರತಬಿಡತಾರ, ಮಾಸ್ತರ. ಪುಣೆದಾಗ ನಮ್ಮ ಬೀಗರ ಮನ್ಯಾಗ ನಾ ನೋಡೀನಿ. ಚಿತ್ರಾ ಹಲಗಿಗೆ ಹಚ್ಚಿ ತುಂಡ ತುಂಡ ಕೊಯ್ದಿರತಾರ. ಕೂಡಸಾಕ ಕುಂತರ ಹೊತ್ತ ಹೋದದ್ದ ತಿಳಿಯೂದಿಲ್ಲ. ಹಂಗ ಮಾಡಿಕೊಡ್ರಿ. ಅವರು ಕೈಯಾರೆ ಕೂಡಸಬೇಕು, ನಮ್ಮಪ್ಪನ ಮಾರಿ ತುಂಡ ತುಂಡ ಹುಡುಕಿ ಇಡಬೇಕು.”

“ಇದ ಒಂದ ಪ್ರತಿ ಏನ್ರಿ ಸಾಹೇಬ್ರ?”

“ಒಂದ. ತಗದಾಂವನೂ ಇಲ್ಲ, ಅವನ ನೆಗೆಟಿವ್ ಕಾಚೂ ಉಳದಿಲ್ಲ. ಹುಷಾರ್.”

ಫೋಟೋದ ಎಡ ಅಂಚಿನಲ್ಲಿ, ಒಬ್ಬ ಪೊಲೀಸನ ಮೊಣಕೈಯ ಆಚೆ, ಕಸಬರಿಗೆ ಹಿಡಿದ ಒಬ್ಬ ಮನುಷ್ಯ ನಿಂತಿದ್ದ. ಬರಿಗಾಲು. ತಲೆಯ ವಸ್ತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಇಪ್ಪತ್ತೈದರ ಪ್ರಾಯ. ಅಂಬಾದಾಸ ಫೋಟೋವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದ. ಅಪ್ಪ. ಅಷ್ಟರಲ್ಲಿ ಗಣಿತದ ಯಲಗೂರಪ್ಪ ಮಾಸ್ತರರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, “ಅಂಬಾದಾಸ ಮಾಸ್ತರ, ಈ ಕಸಾ ಹೊಡ್ಯಾವನ ಮೂಗ ನೋಡ್ರಿ ಇಲ್ಲೆ. ಥೇಟ ನಿಮ್ಮದ!” ಎಂದರು. ಮಾಸ್ತರರ ಖೋಲಿ ನಕ್ಕಿತು. ಯಲಗೂರಪ್ಪನವರಿಗೆ ಏನೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನು ಎ. ಆರ್. ಕವಟಗಿ, ಕಳ್ಳಕವಟಗಿಯ ಯಾವ ಕೇರಿಯ ಕವಟಗಿ ಎಂದು ಏಳು ವರ್ಷದಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಬಾಡಿಗೆ ಮನೆಯಲ್ಲಿ ಬಾಬಾಸಾಹೇಬರ ಪಟವನ್ನೂ ಟ್ರಂಕಿನೊಳಗೆ ಅರಿವೆಗಳ ತಳದಲ್ಲಿ ಇಟ್ಟಿದ್ದ. ಆ ಮಧ್ಯಾಹ್ನ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ನಗು ಮುಗಿದ ಮೇಲೂ ಒಂದು ಗಳಿಗೆ ಅವನೊಬ್ಬನ ನಗು ಖೋಲಿಯಲ್ಲಿ ಉಳಿದಿತ್ತು.

ಶಾಲೆ ಬಿಟ್ಟ ಮೇಲೆ ಅವನು ಕೈಕೆಲಸದ ಖೋಲಿಯ ಬಾಗಿಲು ಹಾಕಿಕೊಂಡು, ಫೋಟೋದ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಚಾಕುವಿನಿಂದ ಎಡ ಅಂಚನ್ನು ಒಂದೇ ಎಳೆತಕ್ಕೆ ಕತ್ತರಿಸಿದ. ದೇಸಾಯರು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಕೇಳಿದರೆ ಹೇಳಲು ಕಾರಣ ತಯಾರಿತ್ತು: ಚಹಾಪೆಟ್ಟಿಗೆಯ ಹಲಗೆ ಎರಡು ಬೆರಳು ಸಣ್ಣದು. ಕಪಾಟಿನ ಹಿಂದೆ ದೊಡ್ಡ ಹಲಗೆ ಒಂದಿತ್ತು. ಅದು ಅಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಚಾಕು ಎಳೆಯುವಾಗಲೂ ಗೊತ್ತಿತ್ತು. ಆಮೇಲೆ ಸುಕ್ಕು ಬಿಡಲೆಂದು ಫೋಟೋವನ್ನು ನೀರಲ್ಲಿ ನೆನೆಸಿ, ಅಂಟು ಸವರಿ ಹಲಗೆಗೆ ಹಚ್ಚಿ, ಮೇಲೆ ಕಲ್ಲು ಹೇರಿ ಮನೆಗೆ ಹೋದ. ಕತ್ತರಿಸಿದ ಪಟ್ಟಿಯನ್ನು ಬುಟ್ಟಿಗೆ ಹಾಕಲು ಎತ್ತಿದ್ದ ಕೈ ಹಾಗೇ ಉಳಿದು, ಅದನ್ನು ಹಾಜರಿ ಪುಸ್ತಕದ ನಡುವೆ ಇಟ್ಟಿತು. ರೊಟ್ಟಿ ಗಂಟಲಲ್ಲಿ ಇಳಿಯಿತು. ನಿದ್ದೆಯೂ ಬಂತು. ಅದೇ ಅವನಿಗೆ ಆಮೇಲೆ ಹೆಚ್ಚು ನಾಚಿಕೆಯೆನಿಸಿದ್ದು.

ಶನಿವಾರ ಮುಂಜಾನೆಯಿಂದ ಸಂಜೆಯವರೆಗೆ ಕೂದಲೆಳೆಯಂಥ ಗರಗಸದಿಂದ ಕೊಯ್ದ. ನೂರಾ ಇಪ್ಪತ್ತು ತುಂಡು. ದೇಸಾಯರ ತಂದೆಯ ಮೀಸೆ ಒಂದು ತುಂಡಿಗೆ, ಹಾರ ಮೂರು ತುಂಡಿಗೆ, ಮೋಟಾರಿನ ದೀಪ ಒಂದಕ್ಕೆ. ಹೊರ ಅಂಚನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದ. ಕೆಲಸ ಚೆಂದವಾಗುತ್ತಿದೆ ಎಂಬ ಸಣ್ಣ ಖುಷಿಯೂ ಕೈಯಲ್ಲಿತ್ತು. ರಾಜನ ಮುಖದ ಹತ್ತಿರ ಬಂದಾಗ ಗರಗಸ ನಿಂತಿತು. ಚಿತ್ರದಲ್ಲಿ ಎಲ್ಲರೂ ರಾಜನನ್ನು ನೋಡುತ್ತಿದ್ದರು. ರಾಜ ಮಾತ್ರ ಅವರನ್ನು ನೋಡುತ್ತಿರಲಿಲ್ಲ. ಎದುರಿಗೆ ಎತ್ತಿ ಹಿಡಿದ ಹಾರವನ್ನು ಬಿಟ್ಟು ಅವನ ತಲೆ ಎಡಕ್ಕೆ ತಿರುಗಿತ್ತು. ಸಮಾರಂಭದ ನಗುವಲ್ಲ, ಏನೋ ಕೇಳಬೇಕೆನ್ನುವವನ ಹಾಗೆ, ಒಂದು ಕೈಯನ್ನು ಸೊಂಟದವರೆಗೆ ಎತ್ತಿ, ತುಟಿ ಅರೆ ತೆರೆದು ನಕ್ಕಿದ್ದ. ಈಗ ಆ ನಗುವಿನ ಎದುರಿಗೆ ಉಪ್ಪುಕಾಗದದಿಂದ ಉಜ್ಜಿದ ಬೋಳು ಅಂಚಿತ್ತು. ಅಂಬಾದಾಸ ಹಾಜರಿ ಪುಸ್ತಕದಿಂದ ಪಟ್ಟಿ ತೆಗೆದು ಪಕ್ಕಕ್ಕೆ ಹಿಡಿದ. ಕಸಬರಿಗೆಯವನು ಗಾಬರಿಯಿಂದ, ನಂಬಲಾರದೆ, ರಾಜನ ಕಣ್ಣಿಗೆ ಕಣ್ಣಿಟ್ಟು ನಿಂತಿದ್ದ.

ಅಪ್ಪ ಹೇಳಿದ್ದು ಖರೆ.

ಕಳ್ಳಕವಟಗಿಯಲ್ಲಿ ಅದನ್ನು ಕೇಳದವರಿರಲಿಲ್ಲ. ಕೇರಿಯಿಂದ ಇಪ್ಪತ್ತು ಆಳುಗಳನ್ನು ಬಿಟ್ಟಿ ಹಿಡಿದು ವಿಜಾಪುರಕ್ಕೆ ನಡೆಸಿಕೊಂಡು ಹೋಗಿದ್ದು, ಮೂರು ದಿನ ರಸ್ತೆಯ ಧೂಳು ಹೊಡೆಸಿದ್ದು, ಮೋಟಾರು ಬರುವಷ್ಟರಲ್ಲಿ ಗೋಡೆಯ ಹಿಂದೆ ಹೋಗಿ ಅಡಗಬೇಕೆಂದು ಹೇಳಿದ್ದು, ಅಪ್ಪ ರಾಯಪ್ಪನ ಕಸಬರಿಗೆಯ ಕಟ್ಟು ಬಿಚ್ಚಿ ಕಡ್ಡಿ ಆರಿಸುತ್ತ ಅವನೊಬ್ಬ ಹಿಂದುಳಿದದ್ದು. “ಮೋಟರಿಂದ ಇಳದ ನೋಡ್ರಿ. ಸೀದಾ ನನ್ನ ಕಡೆ ನೋಡಿದ. ನಕ್ಕ.” ಅಷ್ಟೇ. ಆ ನಗುವಿನಿಂದ ಏನಾಯಿತು ಎಂದು ಕೇಳಿದರೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಆದರೂ ಹೇಳುವಾಗ ಬೆನ್ನು ನೆಟ್ಟಗಾಗುತ್ತಿತ್ತು. ಚಾವಡಿಯ ಮಂದಿ ಅರ್ಧ ಸೇದಿದ ಬೀಡಿಯನ್ನು ಅವನತ್ತ ಎಸೆದು, “ಮತ್ತ ಏನಂದನಲೇ ರಾಯ್ಯಾ? ಮಗಳ್ನ ಕೊಡತೀನಿ ಅಂದನೇನು?” ಎಂದು ಮತ್ತೆ ಮತ್ತೆ ಹೇಳಿಸುತ್ತಿದ್ದರು. ತಿಕೋಟಾದ ಸಾಲಿಗೆ ಹೋಗುವಷ್ಟರಲ್ಲಿ ಸುದ್ದಿ ಅಂಬಾದಾಸನಿಗಿಂತ ಮೊದಲು ಅಲ್ಲಿಗೆ ಹೋಗಿತ್ತು. ಅವನು ಕೂರುತ್ತಿದ್ದ ಬಾಗಿಲಿನ ಹೊರಗಿನ ಕಲ್ಲಿಗೆ ಹುಡುಗರು ಸಿಂಹಾಸನ ಎಂದು ಹೆಸರಿಟ್ಟರು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಸಂತೆಯ ದಿನ, ತಿಕೋಟಾದ ಬಸ್ ನಿಲ್ಲುವ ಜಾಗದಲ್ಲಿ ಅಪ್ಪ ಯಾರಿಗೋ ಹೇಳಲು ಶುರುಮಾಡಿದಾಗ ಅವನು ಅಷ್ಟು ಮಂದಿಯೆದುರು ಚೀರಿದ್ದ. “ಸುಳ್ಳ ಹೇಳಬ್ಯಾಡ ಯಪ್ಪಾ! ರಾಜಾ ನಿನ್ನ ಯಾಕ ನೋಡತಾನ?” ಅಪ್ಪನ ಬಾಯಿ ಅರ್ಧಕ್ಕೆ ನಿಂತಿತು. ಹೊಡೆಯಲಿಲ್ಲ. ಅಂದಿನಿಂದ ಮಗನೆದುರು ರಾಯಪ್ಪ ಆ ಮಾತು ಎತ್ತಲಿಲ್ಲ.

ರವಿವಾರ ಬಬಲೇಶ್ವರದಲ್ಲಿ ಬಸ್ಸಿನಿಂದ ಇಳಿದಾಗ ಹತ್ತೂವರೆಯ ಬಿಸಿಲು ಚುರುಗುಡುತ್ತಿತ್ತು. ಅಕ್ಕ ಪರಸವ್ವನನ್ನು ಇದೇ ಊರಿಗೆ ಕೊಟ್ಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅಪ್ಪ ಅವಳ ಹತ್ತಿರವೇ ಇದ್ದ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಪರಸವ್ವ ತಮ್ಮನನ್ನು ನೋಡಿ ಮೊರ ಕೆಳಗಿಟ್ಟಳು.

“ಏನಾತೋ? ಕೆಟ್ಟ ಸುದ್ದಿ ಏನರ ತಂದಿಯೇನು?”

“ಏನಿಲ್ಲಕ್ಕಾ. ಹಂಗ ಬಂದೆ.”

“ಹಂಗ ಬರಾವಲ್ಲ ನೀ.”

ಬೇವಿನ ಕೆಳಗಿನ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ಬೂಟಿನ ಸಪ್ಪಳ ಹಿಡಿದು ಮುಖ ಎತ್ತಿದ. “ಅಂಬಾದಾಸ ಬಂದಾನಲ್ಲ. ಪರಸೀ, ಚಾ ಇಡ ಬೇ, ಸಕ್ರಿ ಹೆಚ್ಚಿಗಿ ಹಾಕು.” ಅಂಬಾದಾಸ ಕಟ್ಟೆಯ ಮೇಲೆ ರೊಟ್ಟಿ ಬಡಿಯುವ ಹಲಗೆ ಹಾಕಿಸಿಕೊಂಡು ಡಬ್ಬಿ ಸುರುವಿದ. ಬೇಗ ಬೇಗ ಅಂಚಿನ ತುಂಡುಗಳನ್ನು ಆರಿಸಿದ.

“ಏನದು ಸಪ್ಪಳ?”

“ರಾಜಾನ ಫೋಟೋ ತಂದೀನಿ, ಯಪ್ಪಾ.”

“ಯಾವ ರಾಜಾ?” ಎಂದ ರಾಯಪ್ಪ, ಅಂಥದೊಂದು ಸಂಗತಿಯೇ ಇಲ್ಲದವನ ಹಾಗೆ. ಮಗನೆದುರು ಇಪ್ಪತ್ತಮೂರು ವರ್ಷ ನುಂಗಿಟ್ಟುಕೊಂಡ ಮಾತು ಈಗಲೂ ಬಾಯಿಗೆ ಬರಲು ಅಂಜುತ್ತಿತ್ತು.

“ನಿನ್ನ ನೋಡಿ ನಕ್ಕನಲ್ಲ, ಅಂವ. ಗೋಳಗುಮ್ಮಟದ ಮುಂದ. ನೀನೂ ಅದೀ ಇದರಾಗ. ಕಸಬರಿಗಿ ಹಿಡಕೊಂಡ ನಿಂತೀದಿ. ನಾ ನೋಡೀನಿ.”

ರಾಯಪ್ಪನ ಕೈ ಮೊಣಕಾಲಿನ ಮೇಲೆ ನಿಂತುಬಿಟ್ಟಿತು. ಬೆಳ್ಳಗಿನ ಪೊರೆಯ ಹಿಂದೆ ಕಣ್ಣುಗುಡ್ಡೆಗಳು ಅತ್ತಿತ್ತ ಸರಿದವು. ಮುದುಕ ಬಗ್ಗಿ ಹಲಗೆಯ ಮೇಲೆ ಬೆರಳಾಡಿಸಿ, ಜೋಡಿಸಿದ್ದ ತುಂಡುಗಳ ಸಂದುಗಳನ್ನು ಮುಟ್ಟಿದ. “ಇಷ್ಟ ತುಂಡ ಯಾಕ ಆಗ್ಯಾನ? ಯಾರ ಒಡದಾರ ಅವನ್ನ?” ಆಟ ಎಂದು ತಿಳಿಸಿ ಹೇಳಿದರೂ ಅವನಿಗೆ ಅದು ಪೂರ್ತಿ ಹೊಂದಲಿಲ್ಲ. ರಾಜನ ಮುಖದ ತುಂಡು ಸಿಕ್ಕಾಗ ಅಂಬಾದಾಸ ಅದನ್ನು ಅಪ್ಪನ ಅಂಗೈಯಲ್ಲಿಟ್ಟ. ರಾಯಪ್ಪ ಅದನ್ನು ಹೆಬ್ಬೆರಳಿನಿಂದ ಸವರಿ, ನುಣುಪು ಕಾಗದದ ಹೊರತು ಏನೂ ಹತ್ತದೆ, ಮರಳಿ ಕೊಟ್ಟ. ಆಮೇಲೆ ಒಮ್ಮೆಲೇ ಎದ್ದು ನಿಂತು ಗೋಡೆಯ ಕಡೆ ಮುಖ ಮಾಡಿ ಕೂಗಿದ. ಅಷ್ಟು ದೊಡ್ಡ ದನಿ ಅಪ್ಪನಿಗೆ ಇತ್ತೆಂದು ಅಂಬಾದಾಸ ಮರೆತಿದ್ದ. “ಕಾಸಿಮಸಾಬಾ! ಏ ಕಾಸಿಮಸಾಬಾ! ಚಾಳೀಸ ಹಾಕ್ಕೊಂಡ ಬಾರೋ ಲಗೂ!”

ಕಾಸಿಮಸಾಬ ಪಕ್ಕದ ಮನೆಯ ದರ್ಜಿ. ರಾಯಪ್ಪನ ವಯಸ್ಸಿನವನೇ. ದಿನಾ ಸಂಜೆ ಅವನ ಜೊತೆ ಕುಳಿತು ರಾಜನ ಕತೆ ಕೇಳಿ, ದಿನಾ ಅವನನ್ನು ಕಾಡಿಸುವವನು. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು, ಕನ್ನಡಕ ಏರಿಸಿ, ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಚಿತ್ರ ಪೂರ್ತಿಯಾಗಿತ್ತು. “ಅಬ್ಬಬ್ಬಾ! ರಾಜಾ ಖರೇನ ಅದಾನಲ್ಲೋ ರಾಯಪ್ಪ. ಮೋಟರ ಐತಿ, ಗುಮ್ಮಟ ಐತಿ. ನಗಾಕತ್ತಾನ.”

“ನಗಾಕತ್ತಾನಲ್ಲ?” ರಾಯಪ್ಪ ಹಲಗೆಯತ್ತ ಬಗ್ಗಿದ. “ಯಾರ ಕಡೆ? ನೋಡಿ ಹೇಳು. ಯಾರ ಕಡೆ ನೋಡಾಕತ್ತಾನ?”

“ಈ ಕಡೆ. ಇಲ್ಲೆ ಯಾರೂ ಇಲ್ಲಲ್ಲೋ.”

ಅಂಬಾದಾಸ ಲಕೋಟೆಯಿಂದ ಪಟ್ಟಿ ತೆಗೆದು ಎಡಕ್ಕೆ ಇಟ್ಟ. ಅದು ಸುರುಳಿಯಾಗುತ್ತಿತ್ತು, ಎರಡು ಬೆರಳಿಂದ ಒತ್ತಿ ಹಿಡಿದ. ಆಗಲೇ ಅವನಿಗೆ ಕಂಡಿತು. ನೀರಲ್ಲಿ ನೆನೆದ ಫೋಟೋ ಹಿಗ್ಗಿತ್ತು, ಪಟ್ಟಿ ಹಿಗ್ಗಿರಲಿಲ್ಲ. ಉಪ್ಪುಕಾಗದ ಅಂಚನ್ನು ತಿಂದಿತ್ತು. ಪೊಲೀಸನ ಮೊಣಕೈ ಹಲಗೆಯಲ್ಲಿ ಒಂದು ಎತ್ತರಕ್ಕೆ ಮುಗಿದು, ಪಟ್ಟಿಯಲ್ಲಿ ಅದಕ್ಕಿಂತ ತಗ್ಗಿಗೆ ಶುರುವಾಗುತ್ತಿತ್ತು. ರಸ್ತೆಯ ಗೆರೆ ರಸ್ತೆಯ ಗೆರೆಗೆ ಕೂಡಲಿಲ್ಲ. ಹಲಗೆಯ ಚಿತ್ರ ಅಂಟು ಕುಡಿದು ಹಳದಿಯಾಗಿತ್ತು, ಪಟ್ಟಿ ಬೂದು. ಕಾಸಿಮಸಾಬ ಟೇಪನ್ನು ಕೊರಳಿಂದ ತೆಗೆಯಲೂ ಇಲ್ಲ. ಹೆಬ್ಬೆರಳನ್ನು ಸಂದಿನ ಮೇಲೆ ಎಳೆದು ನೋಡಿದ, ಅರಿವೆ ನೋಡುವ ಹಾಗೆ.

“ಇದು ಒಂದ ಥಾನಿನ ಅರಿವಿ ಅಲ್ಲ, ಮಾಸ್ತರ” ಎಂದ ಮೆತ್ತಗೆ. “ಸಿಟ್ಟಾಗಬ್ಯಾಡ್ರಿ. ಬ್ಯಾರೆ ಫೋಟೋದಾಗಿಂದ ತಂದ ಇಟ್ಟೀರಿ.”

“ಅಲ್ಲ ಕಾಸಿಮಕಾಕಾ. ಒಂದ ಫೋಟೋ. ನಡುವ ಕತ್ತರಿಸೇತಿ, ಅಷ್ಟ.”

“ಯಾರು ಕತ್ತರಿಸ್ಯಾರ?”

ದೇಸಾಯರು ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಯಾರಾದರೂ ನಂಬುತ್ತಿದ್ದರು. ಅಂಬಾದಾಸ ಅಪ್ಪನ ಮುಖ ನೋಡಿದ. ಅದು ಮಗನ ದನಿ ಬರುವ ಕಡೆಗೆ ತಿರುಗಿ ಕಾದಿತ್ತು. “ನಾನ” ಎಂದ. “ನಾನ ಕತ್ತರಿಸೀನಿ. ಸಾಲ್ಯಾಗ ಯಾರೋ ಅಂದರು, ಮೂಗು ನನ್ನಂಗ ಐತಿ ಅಂತ. ಗುರತ ಹಿಡೀತಾರಂತ ಅಂಜಿ ನಾನ ಕತ್ತರಿಸಿ ತಗದೆ, ಯಪ್ಪಾ. ಯಾರೂ ಹೇಳಿರಲಿಲ್ಲ.”

ಬೇವಿನ ಎಲೆ ಒಂದು ಬಂದು ಚಿತ್ರದ ಮೋಟಾರಿನ ಮೇಲೆ ಬಿತ್ತು. ಕಾಸಿಮಸಾಬ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. “ಛೇ ಛೇ. ಇದನ್ನ ನಂಬಸಾಕ ಅಷ್ಟ ದೊಡ್ಡ ಮಾತ ಆಡಬ್ಯಾಡ್ರಿ. ಹಡದ ಅಪ್ಪನ್ನ ಯಾರರ ಕತ್ತರಿಸಿ ಒಗೀತಾರೇನು? ಅದೂ ನಿಮ್ಮಂಥಾ ಕಲತಾವ್ರು?” ರಾಯಪ್ಪ ತಲೆಯಾಡಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ; ಏನೋ ಅರ್ಥವಾದಂಥ, ಮೆಲ್ಲಗೆ ಆರುತ್ತಿರುವ ಬೆಳಕೊಂದಿತ್ತು. “ನನ್ನ ಮಗಾ ಹಂತಾವಲ್ಲ ಬಿಡು, ಕಾಸಿಮಾ. ಸಣ್ಣಾಂವ ಇದ್ದಾಗಿಂದ ಸುಳ್ಳ ಅಂದರ ಅವಗ ಆಗೂದಿಲ್ಲ. ಈಗ ಅಪ್ಪಗ ವಯಸ್ಸಾತು, ಖುಷಿ ಪಡಲಿ ಅಂತ ಎಲ್ಲಿಂದೋ ಹುಡಿಕ್ಯಾಡಿ ತಂದಾನ.” ಕೈ ಚಾಚಿ ಅಂಬಾದಾಸನ ತೋಳು ಹುಡುಕಿ ತಟ್ಟಿದ. “ಭಾಳ ಚಂದ ಮಾಡೀದಿ, ತಮ್ಮಾ. ಯಾವ ಮಗಾ ಮಾಡತಾನ ಇಷ್ಟು?”

“ಖರೆ ಯಪ್ಪಾ. ನೀನ ಇದು. ದೇವರಾಣಿ ನೀನ.”

“ಇರಲಿ, ಇರಲಿ.” ರಾಯಪ್ಪ ಕಟ್ಟೆ ತಡವಿ ಕುಳಿತ. “ಅವತ್ತ ಬಿಸಲು ಭಾಳ ಇತ್ತು. ಮೂರ ದಿನ ಕಸಾ ಹೊಡದ ಕಣ್ಣ ಕತ್ತಲಿ ಬರತಿತ್ತು. ನಮ್ಮಂಥಾವ್ರ ಕಡೆ ಅಂವ ನೋಡಿರೂದಿಲ್ಲ. ನನಗ ಹಂಗ ಅನಸಿರಬೇಕು.”

ಏನು ಹೇಳಿದರೂ ಅದು ಒಳ್ಳೆಯ ಮಗನ ಮಾತಾಗಿ ಅವರ ಕಿವಿಗೆ ಬೀಳುತ್ತದೆ ಎಂದು ಅಂಬಾದಾಸನಿಗೆ ತಿಳಿಯಿತು. ಅವನಿಗೆ ಸಿಟ್ಟು ಬಂತು. ಅಪ್ಪನ ಮೇಲೆ, ಅವನ ಆ ತಟ್ಟುವ ಕೈಯ ಮೇಲೆ. ಒಂದು ಏಟು ಕೊಟ್ಟಿದ್ದರೆ ಅವನು ಅದನ್ನು ಹಿಡಿದುಕೊಂಡು ಬದುಕುತ್ತಿದ್ದ. ತಲೆಯೆತ್ತಿದಾಗ ಹೊಸ್ತಿಲಲ್ಲಿ ಚಹಾದ ಕಪ್ಪು ಹಿಡಿದು ಪರಸವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಪಟ್ಟಿಯನ್ನು ನೋಡಿದಳು, ಆಮೇಲೆ ತಮ್ಮನ ಮುಖವನ್ನು ನೋಡಿದಳು. ಅವಳೊಬ್ಬಳು ನಂಬಿದ್ದಳು. ಕಪ್ಪನ್ನು ಅವನ ಕೈಗೆ ಕೊಡದೆ ಕಟ್ಟೆಯ ಮೂಲೆಯಲ್ಲಿಟ್ಟು ಒಳಗೆ ಹೋದಳು. ಅವನು ಹೊರಡುವವರೆಗೂ ಹೊರಗೆ ಬರಲಿಲ್ಲ.

ಮೂರರ ಬಸ್ಸಿಗೆ ರಾಯಪ್ಪ ತಾನೇ ಬಂದ, ಮಗನ ಮೊಣಕೈ ಹಿಡಿದು. ಬಸ್ಸು ಕಾಯುವಾಗ ಅಂಗಿಯೊಳಗಿಂದ ಪಟ್ಟಿಯನ್ನು ತೆಗೆದ. ಕಟ್ಟೆಯ ಮೇಲೆ ಅಂಬಾದಾಸ ಬೇಕೆಂದೇ ಬಿಟ್ಟು ಬಂದಿದ್ದ ಪಟ್ಟಿ. “ಇದನ್ನ ಒಯ್ಯಿ. ಎಲ್ಲಿಂದ ತಂದೀದಿ ಅಲ್ಲೆ ಕೊಟ್ಟಬಿಡು. ಯಾರೋ ಬಡವಂದ ಇರಬೇಕು. ಅವನ ಮನ್ಯಾಗ ಮಕ್ಕಳು ಇರತಾರ, ಹುಡುಕತಾರ.” ಅಂಬಾದಾಸ ತೆಗೆದುಕೊಂಡ. ತೆಗೆದುಕೊಳ್ಳದೆ ಮಾಡುವುದು ಬೇರೆ ಏನೂ ಇರಲಿಲ್ಲ. ಬೆವರಿಗೆ ಕಾಗದ ಮೆತ್ತಗಾಗಿತ್ತು.

ಬಸ್ಸು ತುಂಬಿ ಬಂತು. ಅವನು ಹತ್ತಿ ಕಂಬಿ ಹಿಡಿದು ನಿಲ್ಲುವಷ್ಟರಲ್ಲಿ ರಾಯಪ್ಪ ಕೆಳಗಿನಿಂದ ಬಸ್ಸಿನ ತಗಡು ಬಡಿದು ಕಂಡಕ್ಟರನನ್ನು ಕರೆಯುತ್ತಿದ್ದ. “ಯಪ್ಪಾ, ನನ್ನ ಮಗಾ ಮಾಸ್ತರ ಅದಾನ್ರಿ. ಕೂಡಾಕ ಒಂದೀಟ ಜಾಗಾ ಮಾಡಿಕೊಡ್ರಿ.” ಕಂಡಕ್ಟರ ಒಳಗೆ ನೋಡಿ, ಕಂಬಳಿ ಹೊದ್ದು ಕಿಟಕಿಯ ಪಕ್ಕ ಕುಳಿತಿದ್ದ ಒಬ್ಬ ಮುದುಕನನ್ನು, “ಏಳೋ ಯಜಮಾನ, ಮಾಸ್ತರಿಗೆ ಬಿಡು” ಎಂದು ಎಬ್ಬಿಸಿದ. ಮುದುಕ ಮಾತಿಲ್ಲದೆ ಎದ್ದ. ಎದ್ದು ಅಭ್ಯಾಸವಿದ್ದವನ ಹಾಗೆ ಎದ್ದ.

“ಕುಂತಿಯೇನೋ ತಮ್ಮಾ?” ಹೊರಗಿನಿಂದ ಅಪ್ಪ ಕೇಳಿದ, ಬೇರೆ ಯಾವುದೋ ಕಿಟಕಿಯ ಕಡೆ ಮುಖ ಮಾಡಿ.

ಅಂಬಾದಾಸ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ. ಸೀಟು ಇನ್ನೂ ಬೆಚ್ಚಗಿತ್ತು.

“ಕುಂತೀನಿ ಯಪ್ಪಾ” ಎಂದ.